ಗಾಳಕ್ಕೆ ಅವ್ವನ ಉಂಡಿ

ಕೆರೆ ದಂಡೆಯಲ್ಲಿ ಗಾಳ ಹಾಕಿ ಕೂತವನಿಗೆ ಮೀನು ಸಿಕ್ಕೇ ಸಿಗುತ್ತದೆ ಎಂದು ಯಾರೂ ಹೇಳಲಾರರು. ಆದರೆ ಎದೆ ಧಸಕ್ಕೆನ್ನುವ ಪ್ರಸಂಗ ಮಾತ್ರ ನನಗೆ ಒಂದು ಭಾನುವಾರವೂ ತಪ್ಪಿದ್ದಿಲ್ಲ. ಗಾಬರಿಯಾಗುವುದು ನನ್ನ ಸ್ವಭಾವ. ನೌಕರಿಯೂ ಅಂಥದೇ. ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದವನು. ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು ದಿನಕ್ಕೆ ಎಂಟು ತಾಸು ಬೇರೆಯವರ ತಪ್ಪು ಹುಡುಕುವುದೇ ಕೆಲಸ. ಅದರಿಂದ ತಲೆಗೆ ಸ್ವಲ್ಪ ವಿಶ್ರಾಂತಿ ಸಿಗಲೆಂದು ಗಾಳ ಹಿಡಿದೆ. ವಿಶ್ರಾಂತಿ ಹಾಗಿರಲಿ, ಇದ್ದ ಧೈರ್ಯವೂ ಹೋಯಿತು.

೧. ಶನಿದೇವರ ಹೆಸರಿನಲ್ಲಿ

ನಮ್ಮದು ಗದಗಿನ ಕಡೆಯ ಮನೆತನ. ಅಪ್ಪ ಕೇಂದ್ರ ಸರಕಾರದ ನೌಕರಿಗೆಂದು ಬಂದು ತಾರ್ನಾಕದಲ್ಲಿ ಮನೆ ಮಾಡಿದರು, ಅಲ್ಲೇ ಉಳಿದೆವು. ಅಪ್ಪ ತೀರಿಕೊಂಡು ಮೂರು ವರ್ಷ ದಾಟಿತು. ಈಗ ಮನೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ. ಲಿಂಗಪೂಜೆಯಾಗದೆ ಅವ್ವ ಗುಟುಕು ನೀರು ಕುಡಿಯುವುದಿಲ್ಲ. ನಮ್ಮ ಅಡಿಗೆಮನೆಯಲ್ಲಿ ಮೊಟ್ಟೆ ಎಂಬ ಶಬ್ದವನ್ನೂ ಯಾರೂ ಆಡುವುದಿಲ್ಲ. ಒಮ್ಮೆ ರೈಲಿನಲ್ಲಿ ನನ್ನ ಸೀಟಿನ ಕೆಳಗೆ ಯಾರದೋ ಮೀನಿನ ಬುಟ್ಟಿ ಇತ್ತು ಎಂದು ಬಾಯಿ ತಪ್ಪಿ ಹೇಳಿದ್ದಕ್ಕೆ, ಬಾಗಿಲಲ್ಲೇ ನಿಲ್ಲಿಸಿ ತಲೆಯ ಮೇಲೆ ಎರಡು ಕೊಡ ನೀರು ಸುರಿದವಳು ಅವ್ವ. ಆಗ ನನಗೆ ನಲವತ್ತೆಂಟು ವರ್ಷ.

ಅಪ್ಪ ಹೋದ ಮೇಲೆ ನನಗೆ ಭಾನುವಾರಗಳನ್ನು ಕಳೆಯುವುದೇ ಕಷ್ಟವಾಗಿತ್ತು. ಇದನ್ನು ನೋಡಿದ ಸಹೋದ್ಯೋಗಿಯೊಬ್ಬ ಊರಾಚೆಯ ಕೆರೆಗೆ ಕರೆದೊಯ್ದು ಕೈಗೆ ಗಾಳದ ಕೋಲು ಕೊಟ್ಟ. ಹುಳ ಚುಚ್ಚಲು ನನ್ನಿಂದಾಗಲಿಲ್ಲ, ಹಿಟ್ಟಿನ ಉಂಡಿ ಚುಚ್ಚಿದೆ. ಹತ್ತು ನಿಮಿಷಕ್ಕೆ ದಾರ ಜಗ್ಗಿತು. ಆ ಜಗ್ಗು ಮುಂಗೈಯಿಂದ ಹೊರಟು ಎದೆಯವರೆಗೆ ಬಂದು ಅಲ್ಲೇ ಕೂತುಬಿಟ್ಟಿತು. ಸಿಕ್ಕ ಮೀನನ್ನು ನಾನು ಅಲ್ಲೇ ನೀರಿಗೆ ಬಿಟ್ಟೆ. ಇವತ್ತಿನವರೆಗೂ ಒಂದನ್ನೂ ಮನೆಗೆ ತಂದವನಲ್ಲ, ತಿಂದವನಂತೂ ಅಲ್ಲವೇ ಅಲ್ಲ. ಹೆಂಡತಿಗೆ ಎಲ್ಲ ಹೇಳಿದೆ. ಆದರೆ ಅವ್ವನಿಗೆ ಹೇಳುವ ಎದೆಗಾರಿಕೆ ನನಗಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅಡಿಗೆಮನೆಯಲ್ಲಿ ಕದ್ದು ಹಿಟ್ಟು ನಾದುತ್ತಿದ್ದೆ. ಹಿಂದಿನಿಂದ ಅವ್ವನ ದನಿ ಬಂತು.

"ಏನ್ ಮಾಡಾಕತ್ತೀಯೋ?"

"ಉಂಡಿ, ಯವ್ವಾ."

"ಯಾರಿಗೆ?"

"ಮೀನಿಗೆ."

ಗಾಬರಿಯಲ್ಲಿ ನಿಜವೇ ಬಾಯಿಂದ ಬಿತ್ತು. ಅವ್ವ ಕಣ್ಣು ಅಗಲಿಸಿದಳು. ಅಷ್ಟರಲ್ಲಿ ಉಳಿದರ್ಧ ಸುಳ್ಳು ತಾನಾಗಿ ಹೊರಬಂತು. "ನನಗ ಸಾಡೇಸಾತಿ ನಡದೈತಂತ. ಭಾನುವಾರಕ್ಕೊಮ್ಮೆ ಮೀನಿಗೆ ಹಿಟ್ಟಿನುಂಡಿ ಹಾಕಿದ್ರ ಶನಿ ಶಾಂತ ಆಗ್ತಾನ ಅಂತ ಜ್ಯೋತಿಷಿಗಳು ಹೇಳ್ಯಾರ."

ಅವ್ವ ಸೆರಗು ಸಿಕ್ಕಿಸಿಕೊಂಡು ಹಿಟ್ಟಿನ ಪರಾತ ಎಳೆದುಕೊಂಡಳು. "ಏಳು, ಕೈ ತೊಳಕೋ. ನೀ ನಾದಿದ್ದು ಮೀನೂ ತಿನ್ನಂಗಿಲ್ಲ. ಇನ್ನ ಮ್ಯಾಲ ನಾ ಕಟ್ಟಿಕೊಡ್ತೀನಿ."

ಗಾಳಗಳನ್ನು ಅಪ್ಪನ ತಪಕೀರಿನ ಡಬ್ಬಿಯಲ್ಲಿ ಬಚ್ಚಿಟ್ಟೆ. ಅಪ್ಪ ಮೂಗಿಗೆ ಏರಿಸುತ್ತಿದ್ದ ಆ ತಪಕೀರು ಅವ್ವನಿಗೆ ಜನ್ಮದ ವೈರಿ, ಡಬ್ಬಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಇಡೀ ಮನೆಯಲ್ಲಿ ಅವಳು ಮುಟ್ಟದ ವಸ್ತು ಅದೊಂದೇ ಎಂದು ನನ್ನ ಲೆಕ್ಕ. ಎಲ್ಲ ಸರಿಹೋಯಿತು ಎಂದು ನಿಟ್ಟುಸಿರು ಬಿಡುವಾಗ ಹೆಂಡತಿ ಬಂದು ಕಿವಿಯಲ್ಲಿ ಹೇಳಿದಳು. "ರೀ, ನಿಮ್ಮ ಸಾಡೇಸಾತಿ ಮುಗದು ಎರಡು ವರ್ಷ ಆತು. ಅತ್ತಿಯವ್ರೇ ಶಾಂತಿ ಮಾಡಿಸಿದ್ರು, ಮರತ್ರೇನು?"

೨. ಮೀನಿನ ಪಂಚಮಿ

ಕೆರೆಯಲ್ಲಿ ನನ್ನ ಗುರು ಎಂದರೆ ಚಾಚಾ. ಹಳೇ ಪಟ್ಟಣದವರು, ಗಡಿಯಾರ ರಿಪೇರಿ ಮಾಡುತ್ತಿದ್ದವರು, ಎಪ್ಪತ್ತು ದಾಟಿದವರು. ಅವರ ಹೆಂಡತಿ ಕಲಬುರ್ಗಿಯವರು, ಹಾಗಾಗಿ ನನ್ನ ಜತೆ ಅರ್ಧ ದಖ್ಖನಿ, ಅರ್ಧ ಕನ್ನಡ. ಅವರ ಎರೆಯ ಹಿಟ್ಟಿಗೆ ಏನೇನು ಬೀಳುತ್ತದೆ ಎಂಬುದನ್ನು ಸ್ವಂತ ತಮ್ಮನಿಗೂ ಹೇಳಿದವರಲ್ಲ.

ಅಂಥ ಚಾಚಾ ಅವ್ವನ ಉಂಡಿಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಶೇಂಗಾ ಹಿಂಡಿ, ಪುಟಾಣಿ ಹಿಟ್ಟು, ಬೆಲ್ಲ, ಹುರಿದ ಮೆಂತ್ಯ, ಮೇಲೆ ಏಲಕ್ಕಿ. "ಸಾಬ್, ಇದು ಮೀನಿಗೆ ಅಲ್ಲ, ದಾಮಾದ್‌ಗೆ, ಮನೆ ಅಳಿಯಗೆ ಮಾಡಿದ್ದು," ಎಂದರು. ನಮ್ಮೆಲ್ಲರ ಹಿಟ್ಟು ಎರಡು ಸಲ ಬೀಸಿದರೆ ಗಾಳದಿಂದ ಕಳಚಿ ಬೀಳುತ್ತಿತ್ತು. ಅವ್ವನದು ಅರ್ಧ ತಾಸು ನೀರಲ್ಲಿದ್ದರೂ ಹಿಡಿದುಕೊಂಡೇ ಇರುತ್ತಿತ್ತು. ಚಾಚಾ ಒಂದು ಉಂಡಿ ಮುರಿದು ನೋಡಿದರೆ ಒಳಗೆ ಎಳೆ ಎಳೆ ಹತ್ತಿ. "ಇದೇನ್ ಸಾಬ್?" ಎಂದರು. ನನಗೆ ನಾಚಿಕೆಯಾಯಿತು. "ಅವ್ವ ದಿನಾ ಕೂತು ದೀಪದ ಬತ್ತಿ ಹೊಸೀತಾಳ್ರಿ. ಕಣ್ಣು ಮಂಜಾಗ್ಯಾವು, ಹತ್ತಿ ಹಿಟ್ಟಿನಾಗ ಬಿದ್ದಿರತೈತಿ," ಎಂದು ಮುಚ್ಚಿಹಾಕಿದೆ.

ನಾಗಪಂಚಮಿ ಬಂತು. ನಮ್ಮ ಕಡೆ ಪಂಚಮಿ ಎಂದರೆ ಉಂಡಿಯ ಹಬ್ಬ. ಆ ಭಾನುವಾರ ಅವ್ವ ಎರಡು ಡಬ್ಬಿ ಕಟ್ಟಿದಳು. "ಸಣ್ಣದು ನಿನಗ, ದೊಡ್ಡದು ಮೀನಿಗೆ," ಎಂದಳು. ಕೆರೆಯಲ್ಲಿ ನನ್ನ ಡಬ್ಬಿ ತೆರೆದರೆ ಬೆಲ್ಲವೂ ಇಲ್ಲ, ತುಪ್ಪವೂ ಇಲ್ಲ, ಬಾಯಲ್ಲಿಟ್ಟರೆ ಹೊಟ್ಟು ಜಗಿದ ಹಾಗೆ. ಮೀನಿನ ಡಬ್ಬಿ ತೆರೆದೆ. ಎಳ್ಳುಂಡಿ, ಶೇಂಗಾ ಉಂಡಿ, ರವೆ ಉಂಡಿ, ಒಂದೊಂದರ ಮೇಲೂ ತುಪ್ಪ ಹೊಳೆಯುತ್ತಿತ್ತು. ನನ್ನ ಐವತ್ತು ವರ್ಷದ ಮಗತನವನ್ನು ಯಾರೋ ಕಿತ್ತುಕೊಂಡ ಹಾಗಾಯಿತು.

ಮನೆಗೆ ಬಂದವನೇ ಜಗಳಕ್ಕೆ ನಿಂತೆ. "ಯವ್ವಾ, ಹೊಟ್ಟ್ಯಾಗ ಹುಟ್ಟಿದ ಮಗಗ ಹೊಟ್ಟು, ಯಾವ್ದೋ ಮೀನಿಗೆ ತುಪ್ಪ?"

ಅವ್ವ ಬತ್ತಿ ಹೊಸೆಯುತ್ತ ತಲೆಯೆತ್ತದೆ ಕೇಳಿದಳು. "ಮೀನಿಗೇನು ಶುಗರ್ ಐತೇನು?"

೩. ಬಂದರಿನ ಸಾಮಾನು

ನಮ್ಮ ಕೆರೆಯಲ್ಲಿ ಒಂದು ದೊಡ್ಡ ಕಾಟ್ಲಾ ಮೀನಿದೆ. ಅದರ ತಲೆಯೇ ಒಂದು ಬುಟ್ಟಿಯಷ್ಟಿದೆ. ಅಪರೂಪಕ್ಕೆ ಮೇಲೆ ಬರುತ್ತದೆ, ಬಾಯಿ ತೆರೆಯುತ್ತದೆ, ಏನೂ ಮಾಡದೆ ಒಳಗೆ ಹೋಗುತ್ತದೆ. ಅದಕ್ಕೆ ನಾನು ಜನರಲ್ ಮ್ಯಾನೇಜರ್ ಎಂದು ಹೆಸರಿಟ್ಟೆ, ದಂಡೆಯವರೆಲ್ಲ ಹಾಗೇ ಕರೆಯತೊಡಗಿದರು. ಅದನ್ನು ಒಂದು ಸಲ, ಒಂದೇ ಒಂದು ಸಲ, ಎರಡೂ ಕೈಯಲ್ಲಿ ಹಿಡಿದು ಬಿಡಬೇಕು ಎಂಬುದು ನನ್ನ ಹುಚ್ಚು. ಎರಡು ಸಲ ಸಿಕ್ಕು, ಎರಡು ಸಲವೂ ಜಾರಿಕೊಂಡಿತ್ತು.

ಗಾಳದ ಅಂಗಡಿಯವನ ಹತ್ತಿರ ಗೋಳು ಹೇಳಿಕೊಂಡೆ. ಅವನು ತೆಲುಗಿನಲ್ಲಿ ಸಮಾಧಾನ ಮಾಡಿ, ಒಳಗಿನಿಂದ ಧೂಳು ಹಿಡಿದ ಪೆಟ್ಟಿಗೆ ತಂದ. ಮೇಲೆ ಕೆಂಪಗಿನ ಭಾರಿ ಮೀನೊಂದನ್ನು ಎದೆಗವಚಿಕೊಂಡು ನಿಂತ ಮನುಷ್ಯನ ಚಿತ್ರ. "ಇದು ವಿದೇಶದ ಬಂದರಿನಲ್ಲಿ ಕೆಂಪು ಮೀನು ಹಿಡಿಯೋ ಸಾಮಾನು ಸಾರ್. ನಿಮ್ಮ ಕಾಟ್ಲಾ ಇದರ ಮುಂದೆ ಹಸುಗೂಸು," ಎಂದ. ಒಳಗೆ ನನ್ನ ತೋರುಬೆರಳಿನಷ್ಟು ಉದ್ದದ ಗಾಳ, ಬಟ್ಟೆ ಒಣಗಿಸುವ ಹಗ್ಗದಂಥ ದಾರ, ಅಂಗೈ ತುಂಬುವ ಸೀಸದ ಗುಂಡು. ಸಮುದ್ರವಿಲ್ಲದ ಊರಿನಲ್ಲಿ ಅದನ್ನು ಮಾರಲು ಅವನು ಎಷ್ಟು ವರ್ಷ ಕಾದಿದ್ದನೋ. ನಾನು ಸಿಕ್ಕೆ.

ಗಣಪತಿ ವಿಸರ್ಜನೆಯಾಗಿ ಹದಿನೈದು ದಿನವಾಗಿತ್ತು. ಬೀಸಿದ ಹೊಡೆತಕ್ಕೆ ಗುಂಡು ಕೆರೆಯ ನಡುವೆ ಹೋಗಿ ಬಿತ್ತು. ಎಳೆದೆ, ಬರಲಿಲ್ಲ. ಮತ್ತೆ ಎಳೆದೆ, ನಿಧಾನಕ್ಕೆ, ಭಾರವಾಗಿ, ಗಂಭೀರವಾಗಿ ಏನೋ ಬರತೊಡಗಿತು. "ಜಿಎಂ ಸಾಹೇಬ್ರು!" ಎಂದು ದಂಡೆಯಲ್ಲಿ ಕೂಗಾಯಿತು. ಅರ್ಧ ತಾಸು ಜಗ್ಗಿದೆ, ಅಂಗೈ ಕೆಂಪಾಯಿತು, ಇಬ್ಬರು ಬಂದು ನನ್ನ ಸೊಂಟ ಹಿಡಿದರು. ಕೊನೆಗೆ ನೀರು ಸೀಳಿ ಮೇಲೆ ಬಂದದ್ದು ಒಂದು ಕೈ. ಬಣ್ಣ ಅರ್ಧ ಕರಗಿದ, ಐದೂ ಬೆರಳು ನೆಟ್ಟಗೆ ಎತ್ತಿದ, ಬಳೆ ತೊಟ್ಟ ಗಣಪ್ಪನ ಅಭಯಹಸ್ತ.

ಕೋಲು ಬಿಟ್ಟು ಎರಡೂ ಕೈಯಿಂದ ಗಲ್ಲ ಬಡಿದುಕೊಂಡೆ. ಕಳಿಸಿಕೊಟ್ಟ ದೇವರನ್ನು ಗಾಳ ಹಾಕಿ ವಾಪಸ್ ಎಳೆದವನಿಗೆ ಯಾವ ಪುರಾಣದಲ್ಲಿ ಏನು ಶಿಕ್ಷೆ ಬರೆದಿದೆಯೋ ಗೊತ್ತಿಲ್ಲ. ಅವ್ವನ ಉಂಡಿಯೊಂದನ್ನು ಆ ಅಂಗೈಗೆ ಅಂಟಿಸಿ, ತಪ್ಪಾಯಿತು ಎಂದು ಮೂರು ಸಲ ಹೇಳಿ, ಗಾಳ ಬಿಡಿಸಿ ಮತ್ತೆ ನೀರಿಗೆ ಬಿಟ್ಟೆ. ಚಾಚಾ ಟೋಪಿ ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು. "ಸಾಬ್, ನಿಮ್ಮ ದೇವ್ರು ಸಾಫ್ ಕೈ ತೋರಿಸ್ಯಾರ. ಇವತ್ತಿಗೆ ಬಸ್, ಸಾಕು, ಮನೀಗೆ ನಡೀರಿ."

೪. ನಾಪಾಸಾದ ಮುಳ್ಳು

ಬಂದರಿನ ಸಾಮಾನು ಅಟ್ಟ ಸೇರಿತು. ಮತ್ತೆ ಸಣ್ಣ ಗಾಳ ಹಿಡಿದೆ. ಜಿಎಂ ಮೂರನೆಯ ಸಲ ಸಿಕ್ಕಿತು, ಮೂರನೆಯ ಸಲ ಜಾರಿತು. ಆಗ ನನಗೆ ಬುದ್ಧಿ ಬಂದು ಗಾಳವನ್ನು ಕಾರ್ಖಾನೆಯ ಭೂತಗನ್ನಡಿಯಲ್ಲಿಟ್ಟು ನೋಡಿದೆ.

ಗಾಳದ ತುದಿಯ ಹಿಂದೆ ಹಿಮ್ಮುಖವಾಗಿ ಒಂದು ಸಣ್ಣ ಮುಳ್ಳಿರುತ್ತದೆ. ಬಾಯಿಗೆ ಚುಚ್ಚಿದ ಗಾಳ ಕಳಚದಂತೆ ಹಿಡಿಯುವುದು ಅದೇ. ನನ್ನ ಗಾಳದಲ್ಲಿ ಆ ಮುಳ್ಳು ಚಪ್ಪಟೆಯಾಗಿ ಮಲಗಿತ್ತು. ಡಬ್ಬಿಯಲ್ಲಿದ್ದ ಹನ್ನೆರಡನ್ನೂ ನೋಡಿದೆ. ಹನ್ನೆರಡೂ ಹಾಗೇ. ನನ್ನ ರಕ್ತ ಕುದಿಯಿತು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಇಷ್ಟು ಒಂದೇ ಸಮನಾದ ದೋಷವನ್ನು ನಾನು ಕಂಡಿರಲಿಲ್ಲ. ಕೂತು ಶಾಸ್ತ್ರೋಕ್ತವಾಗಿ ರಿಜೆಕ್ಷನ್ ನೋಟ್ ಬರೆದೆ, ಮುಳ್ಳಿನ ಎತ್ತರ ಅಳೆದು ಹಾಕಿದೆ, ಚಿತ್ರವನ್ನೂ ಬರೆದೆ, ಕೆಳಗೆ ಸಹಿ ಮಾಡಿದೆ.

ಅಂಗಡಿಯವನು ಅದನ್ನು ಎರಡು ಸಲ ಓದಿದ. ಗಾಳ ಮಾರಿ ತಲೆ ಬೆಳ್ಳಗಾದರೂ ಇಂಥ ಕಾಗದ ಅವನಿಗೆ ಬಂದಿರಲಿಲ್ಲ. ಹೊಸ ಹನ್ನೆರಡು ಕೊಟ್ಟ. ಅಲ್ಲೇ ಭೂತಗನ್ನಡಿ ತೆಗೆದು ಒಂದೊಂದನ್ನೂ ಪಾಸು ಮಾಡಿ, ತಂದು ಅಪ್ಪನ ಡಬ್ಬಿಯಲ್ಲಿಟ್ಟೆ. ಮುಂದಿನ ಭಾನುವಾರ ಕೆರೆಯಲ್ಲಿ ತೆರೆದು ನೋಡುತ್ತೇನೆ, ಹನ್ನೆರಡೂ ಮುಳ್ಳು ಚಪ್ಪಟೆ.

ಪಾಸು ಮಾಡಿದವನು ನಾನೇ. ಹಾಗಾದರೆ ಕಾರ್ಖಾನೆಯಲ್ಲಿ ನಾನು ಪಾಸು ಮಾಡಿದ ಮಾಲೆಲ್ಲ ಏನಾಗಿರಬೇಕು ಎಂದು ಎರಡು ದಿನ ಊಟ ಸೇರಲಿಲ್ಲ. ಉಕ್ಕಿನ ದೋಷ ಇರಬಹುದು, ಡಬ್ಬಿಯಲ್ಲಿ ಉಳಿದ ತಪಕೀರಿನ ಘಾಟು ಇರಬಹುದು ಎಂದೆಲ್ಲ ಯೋಚಿಸಿ, ಕೊನೆಗೆ ಎರಡನೇ ನೋಟ್ ಹಿಡಿದು ಅಂಗಡಿಗೆ ಹೋದೆ. ಅವನು ತನ್ನಲ್ಲಿದ್ದ ಪೆಟ್ಟಿಗೆಯನ್ನೆಲ್ಲ ನನ್ನ ಮುಂದೆ ಸುರಿದ. ಎಲ್ಲಕ್ಕೂ ಮುಳ್ಳು ಚೂಪಾಗಿ ನಿಂತಿತ್ತು.

"ಸಾರ್," ಎಂದ ಕೈಮುಗಿದು, "ನನ್ನ ಅಂಗಡಿಯಲ್ಲಿ ಮುಳ್ಳಿರುತ್ತೆ, ನಿಮ್ಮನೆಗೆ ಹೋದರೆ ಇರಲ್ಲ. ನೀವು ಗಾಳ ಬದಲಾಯಿಸೋದು ಬಿಟ್ಟು ಮನೆಗೆ ಒಮ್ಮೆ ವಾಸ್ತು ನೋಡಿಸಿ."

೫. ಅವ್ವ ಕೆರೆಗೆ ಬಂದಳು

ಇಷ್ಟಾದರೂ ನಾನು ಜೀವ ಹಿಡಿದುಕೊಂಡಿದ್ದೆ, ಅವ್ವನಿಗೆ ಗೊತ್ತಾಗದಿದ್ದರೆ ಸಾಕು ಎಂದು. ಹೋದ ಶನಿವಾರ ಊಟಕ್ಕೆ ಕೂತಾಗ ಅವ್ವ ರೊಟ್ಟಿ ಹಾಕುತ್ತ ಹೇಳಿದಳು.

"ನಾಳೆ ನಾನೂ ಬರ್ತೀನಿ. ಮೂರು ವರ್ಷ ಉಂಡಿ ಕಟ್ಟೀನಿ, ತಿನ್ನೂದು ಒಮ್ಮಿ ಕಣ್ಣಿಲೆ ನೋಡ್ಬೇಕು."

ಬಿಸಿಲು ಎಂದೆ, ದೂರ ಎಂದೆ, ಮೆಟ್ಟಿಲು ಜಾರುತ್ತವೆ ಎಂದೆ. "ಎಂಬತ್ತು ವರ್ಷ ಜಾರಿಲ್ಲ, ನಾಳೇನು ಜಾರ್ತೀನೇನು?" ಎಂದಳು. ಹೆಂಡತಿ ನನ್ನ ಮುಖ ನೋಡಿ ನೀರಿನ ಲೋಟ ಮುಂದೆ ಸರಿಸಿದಳು. ಕೈ ತೊಳೆದವನೇ ಹಿತ್ತಲಿಗೆ ಹೋಗಿ ಚಾಚಾಗೆ ಫೋನು ಮಾಡಿದೆ. ನನ್ನ ದನಿ ಕೇಳಿ ಅವರು ಯಾರೋ ತೀರಿಕೊಂಡರೆಂದೇ ತಿಳಿದರು. ವಿಷಯ ಕೇಳಿದ ಮೇಲೆ, "ಫಿಕರ್ ಬ್ಯಾಡ, ನಾ ನೋಡ್ಕೋತೀನಿ," ಎಂದರು.

ಬೆಳಿಗ್ಗೆ ಆಟೋದಿಂದ ಇಳಿದರೆ ದಂಡೆಯ ಮೇಲೆ ಒಂದೇ ಒಂದು ಕೋಲಿಲ್ಲ. ಎಲ್ಲ ಕೋಲೂ, ನಾನು ಚಾಚಾ ಹತ್ತಿರ ಬಿಟ್ಟಿರುತ್ತಿದ್ದ ನನ್ನದೂ, ಪೊದೆಯೊಳಗೆ. ನಾಲ್ಕು ಜನ ಗಾಳದವರು ಸಾಲಾಗಿ, ಸ್ನಾನ ಮಾಡಿ ಬಂದವರ ಹಾಗೆ ತಲೆ ಬಾಚಿಕೊಂಡು, ಕೈಮುಗಿದು ನಿಂತಿದ್ದರು. ಎಲ್ಲರ ಕೈಯಲ್ಲೂ ಹಿಟ್ಟಿನ ಉಂಡಿ.

"ಇವ್ರೆಲ್ಲಾ ಯಾರು?" ಅಂದಳು ಅವ್ವ.

ಚಾಚಾ ಮುಂದೆ ಬಂದರು. "ನಮಗೂ ಸಾಡೇಸಾತಿ ಐತ್ರಿ ಅಮ್ಮಾ."

ಅವ್ವ ಅವರ ಗಡ್ಡ ನೋಡಿದಳು, ಟೋಪಿ ನೋಡಿದಳು. "ಪಾಪ," ಎಂದಳು. ಕೊನೆಯ ಮೆಟ್ಟಿಲ ಮೇಲೆ ಕೂತು ಡಬ್ಬಿ ತೆರೆದು ಒಂದೊಂದೇ ಉಂಡಿ ನೀರಿಗೆ ಬಿಡತೊಡಗಿದಳು. ಸಣ್ಣವು ಬಂದವು, ಮಧ್ಯಮದವು ಬಂದವು. ಆಮೇಲೆ ನೀರು ಕಪ್ಪಗಾಗಿ ಮೇಲೆದ್ದ ಹಾಗಾಯಿತು, ಅವ್ವನ ಪಾದದಿಂದ ಎರಡು ಮಾರು ದೂರದಲ್ಲಿ ಜಿಎಂ ಬಾಯಿ ತೆರೆದು ಉಂಡಿ ನುಂಗಿತು. ನಾಲ್ಕು ಜನ ಗಂಡಸರ ಹೊಟ್ಟೆಯಿಂದ ಒಂದೇ ಸಲ ನರಳಿಕೆ ಹೊರಬಂತು. ನಾನು ಕಣ್ಣು ಮುಚ್ಚಿಕೊಂಡೆ.

"ಯಾಕ ನಿಂತಿ? ತಗಿ," ಅಂದಳು ಅವ್ವ.

"ಏನು, ಯವ್ವಾ?"

"ನಿನ್ನ ಕೋಲು. ಆ ಪೊದ್ಯಾಗ ಹೊಳೀತೈತಲ್ಲ, ಅದು."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಚಾಚಾ ಕೈಯಲ್ಲಿದ್ದ ಉಂಡಿ ತಾನಾಗಿ ನೀರಿಗೆ ಬಿತ್ತು.

"ನಿಮ್ಮಪ್ಪನ ತಪಕೀರಿಗೆ ಬಯ್ತಿದ್ದೆ ಖರೆ," ಅಂದಳು ಅವ್ವ. "ಆದ್ರ ಅವ್ರು ಹೋದ ದಿನದಿಂದ ಆ ಡಬ್ಬಿ ದಿನಾ ಒರಸ್ತೀನಿ. ಮೊದಲನೇ ವಾರಾನ ಗಾಳ ಸಿಕ್ತು. ಎರಡು ದಿನ ನನಗ ಊಟ ಹೋಗಲಿಲ್ಲ. ನಿನ್ನ ಹೆಂಡ್ತಿನ್ನ ಕೇಳಿದೆ, ಒಂದೂ ತಿನ್ನಂಗಿಲ್ಲ, ಎಲ್ಲಾ ಬಿಡ್ತಾರ ಅಂದ್ಲು. ಅಪ್ಪ ಹೋದ ಮ್ಯಾಲ ನೀ ಭಾನುವಾರ ಗ್ವಾಡಿ ನೋಡ್ಕೋತ ಕುಂದ್ರತಿದ್ದಿ. ಕೆರಿಗೆ ಹೋದ್ರ ನಕ್ಕೋತ ಬರ್ತಿದ್ದಿ. ಅದಕ್ಕ ಹಿಟ್ಟಿಗೆ ಹತ್ತಿ ಸೇರಿಸಿ ನಾದಿದೆ, ಉಂಡಿ ಗಾಳದ ಮ್ಯಾಲ ಗಟ್ಟಿ ನಿಲ್ಲಲಿ ಅಂತ."

ನನಗೆ ಅಳು ಬಂತು, ಮುಚ್ಚುವುದೇನು. ಭೂತಗನ್ನಡಿ ಹಿಡಿದು ತಿರುಗಿದವನಿಗೆ ಮೂರು ವರ್ಷ ಕಾಣದ್ದನ್ನು, ಕಣ್ಣು ಮಂಜಾದ ಅವ್ವ ಒಂದೇ ವಾರದಲ್ಲಿ ನೋಡಿದ್ದಳು. ಚಾಚಾ ಓಡಿಹೋಗಿ ಕೋಲು ತಂದು ಕೈಗಿತ್ತರು. ಅವ್ವನೇ ಉಂಡಿ ಚುಚ್ಚಿದಳು. ಬೀಸಿದೆ.

ನೂರು ಎಣಿಸುವುದರೊಳಗೆ ದಾರ ಬಿಗಿಯಾಯಿತು. ಆ ಭಾರ ನನಗೆ ಗೊತ್ತಿತ್ತು. ಜಿಎಂ ಆಚೆ ದಂಡೆಗೆ ಓಡಿತು, ತಿರುಗಿತು, ತಳ ಹಿಡಿದು ಕೂತಿತು. ಅವ್ವ ಎದ್ದು ನಿಂತು, "ಸಾವಕಾಶ ಜಗ್ಗು, ಅದಕ್ಕೂ ಜೀವ ಐತಿ," ಎನ್ನುತ್ತಿದ್ದಳು. ಚಾಚಾ ದುವಾ ಮಾಡುತ್ತಿದ್ದರು. ಮುಕ್ಕಾಲು ತಾಸಿನ ಮೇಲೆ ಅದು ಮೆಟ್ಟಿಲ ಬುಡಕ್ಕೆ ಬಂತು. ಮೊಣಕಾಲು ನೀರಿಗಿಳಿದೆ. ಆ ದೊಡ್ಡ ತಲೆ, ರೂಪಾಯಿಯಗಲದ ಹೊಳೆಯುವ ಹುರುಪೆ, ಎಲ್ಲ ಕೈಯಳತೆಯಲ್ಲಿ. ಬಗ್ಗಿ ಎರಡೂ ಕೈ ಚಾಚಿದೆ. ಬೆರಳ ತುದಿಗೆ ಅದರ ಮೈ ತಣ್ಣಗೆ ತಾಗಿತು. ಅಷ್ಟರಲ್ಲಿ ಅದು ಒಮ್ಮೆ ತಲೆ ಕೊಡವಿತು. ಗಾಳ ಬೆಣ್ಣೆಯಿಂದ ಬಂದ ಹಾಗೆ ಕಳಚಿ ನನ್ನ ಅಂಗಿಗೆ ಸಿಕ್ಕಿಕೊಂಡಿತು. ಜಿಎಂ ಬಾಲದಿಂದ ನನ್ನ ಮುಖಕ್ಕೆ ನೀರು ಹೊಡೆದು ಹೊರಟೇಹೋಯಿತು.

ಚಾಚಾ ಹಣೆ ಬಡಿದುಕೊಂಡು ಕೂತರು. ನಾನು ಅಂಗಿಯಿಂದ ಗಾಳ ಕಿತ್ತು ನೋಡಿದೆ. ಅದೇ ಚಪ್ಪಟೆ ಮುಳ್ಳು. ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಅಂಗಡಿಯವನ ಮೇಲೆ ತಿರುಗಿತು. ಕಳ್ಳಮಾಲು ಮಾರುವವನು, ನಾಳೆ ಅವನ ಅಂಗಡಿಗೆ ಹೋಗಿ ಮೂರನೇ ನೋಟ್ ಅವನ ಬಾಗಿಲಿಗೇ ಅಂಟಿಸುತ್ತೇನೆ, ಅವನ ಮುಳ್ಳಿನ ವಂಶ ಹಾಳಾಗಲಿ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ.

ಅವ್ವ ಮೆಟ್ಟಿಲ ಮೇಲೆ ಕೂತು ಸಂಚಿ ಬಿಚ್ಚಿದಳು. ಎಲೆ ತೆಗೆದಳು, ಸುಣ್ಣ ಹಚ್ಚಿದಳು, ಅಡಕೊತ್ತು ತೆಗೆದು ಅಡಿಕೆ ಒತ್ತಿದಳು. ಅಡಿಕೆ ಹೋಳಾಗಲಿಲ್ಲ. ಮತ್ತೊಮ್ಮೆ ಒತ್ತಿ, ಬೇಸರದಿಂದ ಅದರ ಬಾಯಿಯನ್ನು ನನಗೆ ತೋರಿಸಿದಳು.

"ಅಂಗಡಿಯಾಂವಗ ಬಯ್ಬ್ಯಾಡ. ಅವನ ಮುಳ್ಳು ಭಾಳ ಗಟ್ಟಿ. ಮೀನಿನ ಬಾಯಿ ಹರೀಬಾರ್ದಂತ ಒಂದೊಂದ್ನೂ ಎರಡೆರಡು ಸಲ ಒತ್ತಿ ಒತ್ತಿ, ನೋಡು, ನನ್ನ ಅಡಕೊತ್ತು ಮೊಂಡಾತು. ನಾಳೆ ಹೋದಾಗ ಅವನ ಹತ್ರ ಒಂದು ಹೊಸ ಅಡಕೊತ್ತು ಸಿಗತೈತೇನು ಕೇಳು."